ಮೂಲೆಯ ಮೊಮೆಂಟ್ ತಾಳೆಯಾಗುತ್ತಿಲ್ಲವೇ? ಪೋರ್ಟಲ್ ಫ್ರೇಮ್ ಲೆಕ್ಕದಲ್ಲಿ ತಪ್ಪು ಹುಡುಕುವ ದಾರಿ

ಗದಗದ ಕಡೆ ಒಂದು ಗೋದಾಮಿನ ಕೆಲಸ ನಡೆದಿತ್ತು. ಮುಂಭಾಗದಿಂದ ಲಾರಿ ಒಳಗೆ ಹೋಗಬೇಕು. ಹಾಗಾಗಿ 6 ಮೀಟರ್ ಅಗಲ ಪೂರ್ತಿ ಖಾಲಿ ಇರಬೇಕು. ನಡುವೆ ಪಿಲ್ಲರ್ ಇಲ್ಲ, ಗೋಡೆ ಇಲ್ಲ, ಓರೆ ಆಧಾರದ ಬ್ರೇಸಿಂಗ್ ಇಲ್ಲ. ಎರಡು ಕಾಲಮ್, ಮೇಲೊಂದು ಬೀಮ್, ಗಟ್ಟಿಯಾಗಿ ಕೂಡಿದ ಎರಡು ಮೂಲೆಗಳು. ಸರಳ ಪೋರ್ಟಲ್ ಫ್ರೇಮ್ ಅಂದರೆ ಇಷ್ಟೇ. ಭಾರ ಬಿದ್ದಾಗ ಬೀಮನ್ನೋ ಕಾಲಮ್ಮನ್ನೋ ಬಾಗಿಸುವ ಪರಿಣಾಮವೇ ಮೊಮೆಂಟ್. ಕಾಲಮ್ಮಿನ ಬುಡ ಕೀಲಿನಂತೆ ತಿರುಗಬಲ್ಲದಾದರೆ ಪಿನ್ಡ್, ತಿರುಗದಂತೆ ಬಿಗಿಯಾಗಿದ್ದರೆ ಫಿಕ್ಸ್ಡ್.

ಅದರ ಲೆಕ್ಕ ಮಾಡುತ್ತಿದ್ದ ಹುಡುಗ ಒಂದು ಸಂಜೆ ಫೋನ್ ಮಾಡಿದ. "ಸರ್, ಕೈಲೆಕ್ಕದಾಗ ಮೂಲಿ ಮೊಮೆಂಟ್ 29 ಬರ್ತೈತ್ರಿ. ಸಾಫ್ಟ್‌ವೇರ್‌ನಾಗ 34 ತೋರಸಾಕತ್ತೈತ್ರಿ. ಫಿಕ್ಸ್ಡ್ ಸೂತ್ರ ಹಾಕಿ ನೋಡಿದ್ರ 33.5 ಬಂತು. ಅಂದ್ರ ಬುಡ ಫಿಕ್ಸ್ಡ್ ಅಂತ ಹಿಡೀಲೇನ್ರಿ?"

ಹಿಡಿಯಬೇಡ ಅಂದೆ. 34ಕ್ಕೆ 33.5 ಹತ್ತಿರ ಇದೆ ನಿಜ. ಆದರೆ ಹತ್ತಿರ ಇರುವುದೇ ಕಾರಣ ಆಗುವುದಿಲ್ಲ. ಎರಡು ಬೇರೆ ಬೇರೆ ತಪ್ಪುಗಳು ಹೆಚ್ಚು ಕಡಿಮೆ ಒಂದೇ ಅಂಕಿ ಕೊಡಬಹುದು. ಯಾವ ತಪ್ಪು ಅಂತ ತಿಳಿಯಲು ಒಂದು ಕ್ರಮ ಇದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಉದಾಹರಣೆಗೆ ಅದೇ ಫ್ರೇಮನ್ನು ಇಟ್ಟುಕೊಳ್ಳೋಣ.

ಮೊದಲು ಸರಿಯಾದ ಉತ್ತರ

ಕಾಲಮ್‌ಗಳ ನಡು ಗೆರೆಯಿಂದ ನಡು ಗೆರೆಗೆ 6 ಮೀಟರ್. ಇದು ಉ. ಬುಡದಿಂದ ಬೀಮಿನ ನಡು ಗೆರೆಗೆ 4 ಮೀಟರ್. ಇದು ಎ. ಬೀಮ್ 230 × 600 ಮಿ.ಮೀ., ಕಾಲಮ್ 230 × 450 ಮಿ.ಮೀ. ಬೀಮಿನ ಮೇಲೆ ಮೀಟರಿಗೆ 20 ಕಿಲೋನ್ಯೂಟನ್ ಸಮ ಭಾರ. ಇದು ಭಾ. ಮುಂದೆ ಬರುವ ಮೊಮೆಂಟ್‌ಗಳೆಲ್ಲ ಕಿಲೋನ್ಯೂಟನ್ ಮೀಟರ್ ಲೆಕ್ಕದಲ್ಲಿವೆ.

ಎಲ್ಲದಕ್ಕೂ ಕೀಲಿ 'ಕೆ' ಎಂಬ ಒಂದು ಅನುಪಾತ:

ಕೆ = (ಬೀಮಿನ ಐ ÷ ಕಾಲಮ್ಮಿನ ಐ) × (ಎ ÷ ಉ)

ಐ ಅಂದರೆ ಮೊಮೆಂಟ್ ಆಫ್ ಇನರ್ಷಿಯಾ, ಬಾಗದಂತೆ ತಡೆಯುವ ಸೆಕ್ಷನ್ನಿನ ಗುಣ. ಮೂಲೆಯ ಮೊಮೆಂಟ್ ಬೇರೆ, ಇದು ಬೇರೆ. ಎರಡಕ್ಕೂ ಅಗಲ 230 ಆದ್ದರಿಂದ ಅದು ಹೊಡೆದುಹೋಗುತ್ತದೆ. ಉಳಿಯುವುದು ಆಳದ ಘನ ಮಾತ್ರ. 600 ÷ 450ರ ಘನ 2.37. ಅದನ್ನು 4 ÷ 6ರಿಂದ ಗುಣಿಸಿದರೆ ಕೆ = 1.58.

ಬುಡ ಪಿನ್ಡ್ ಆದರೆ ಮೂಲೆಯ ಮೊಮೆಂಟ್ = ಭಾ × ಉ² ÷ [4 × (2ಕೆ + 3)]. ಅಂದರೆ 720 ÷ 24.64 = 29.2.

ಬುಡ ಫಿಕ್ಸ್ಡ್ ಆದರೆ ಮೂಲೆಯಲ್ಲಿ ಭಾ × ಉ² ÷ [6 × (ಕೆ + 2)], ಅಂದರೆ 33.5. ಬುಡದಲ್ಲಿ ಅದರ ಅರ್ಧ, 16.8.

ಈ ಸೂತ್ರಗಳನ್ನು ಬಾಯಿಪಾಠ ಮಾಡಿದವರೇ ಜಾಸ್ತಿ ತಪ್ಪುವುದು. 2ಕೆ + 3 ಎಲ್ಲಿಂದ ಬಂತು ಅಂತ ಒಮ್ಮೆ ತಿಳಿದರೆ ಮತ್ತೆ ಮರೆಯುವುದಿಲ್ಲ. ಹೀಗೆ ನೋಡಿ. ಬೀಮಿನ ಎರಡು ತುದಿಯನ್ನೂ ಅಲುಗಾಡದಂತೆ ಬಿಗಿ ಹಿಡಿದರೆ ತುದಿಯಲ್ಲಿ ಬರುವುದು ಭಾ × ಉ² ÷ 12. ನಮ್ಮ ಲೆಕ್ಕದಲ್ಲಿ 60. ಈಗ ಹಿಡಿತ ಬಿಡಿ. ಮೂಲೆ ಸ್ವಲ್ಪ ತಿರುಗುತ್ತದೆ. ಆ 60ರಲ್ಲಿ ಕಾಲಮ್ ತನ್ನ ಬಿಗಿತಕ್ಕೆ ತಕ್ಕಷ್ಟು ಪಾಲನ್ನು ಉಳಿಸಿಕೊಳ್ಳುತ್ತದೆ. ಬುಡ ಪಿನ್ಡ್ ಇರುವ ಕಾಲಮ್ಮಿನ ಬಿಗಿತ 3, ಫಿಕ್ಸ್ಡ್ ಇದ್ದರೆ 4. ಎರಡು ತುದಿಯೂ ಒಂದೇ ರೀತಿ ಬಾಗುವ ಬೀಮಿನದು 2. ಬೀಮಿನದನ್ನು ಕಾಲಮ್ಮಿನ ಅಳತೆಗೆ ತಂದರೆ 2ಕೆ.

ಹಾಗಾಗಿ ಪಿನ್ಡ್‌ನಲ್ಲಿ ಕಾಲಮ್ಮಿನ ಪಾಲು 60 × 3 ÷ (3 + 2ಕೆ) = 29.2. ಫಿಕ್ಸ್ಡ್‌ನಲ್ಲಿ 60 × 4 ÷ (4 + 2ಕೆ) = 33.5. ಬೀಮಿನ ನಡುವೆ ಒಂದೇ ಬಿಂದು ಭಾರ ಇದ್ದರೂ ಇದೇ ಪಾಲು. 60ರ ಜಾಗದಲ್ಲಿ ಭಾರ × ಉ ÷ 8 ಬರೆದುಕೊಂಡರೆ ಆಯಿತು. ಹಾರ್ಡಿ ಕ್ರಾಸ್ 1930ರಲ್ಲಿ ಪ್ರಕಟಿಸಿದ ಮೊಮೆಂಟ್ ಹಂಚಿಕೆಯ ವಿಧಾನದ ಒಳಗಿರುವುದೂ ಇದೇ ಪಾಲು ಮಾಡುವ ಕೆಲಸ.

ಇದರಿಂದ ಇನ್ನೊಂದು ಲಾಭ ಇದೆ. ಕಾಲಮ್ ಎಷ್ಟೇ ದಪ್ಪ ಆದರೂ ಮೂಲೆಗೆ 60ಕ್ಕಿಂತ ಜಾಸ್ತಿ ಬರಲು ಸಾಧ್ಯವಿಲ್ಲ. ಎಷ್ಟೇ ಸಣ್ಣ ಆದರೂ 0ಗಿಂತ ಕಡಿಮೆ ಆಗುವುದಿಲ್ಲ. ಬರೀ ಕೆಳಮುಖದ ಸಮ ಭಾರಕ್ಕೆ ನಿಮ್ಮ ಉತ್ತರ 0 ಮತ್ತು ಭಾ × ಉ² ÷ 12ರ ನಡುವೆ ಇಲ್ಲ ಅಂದರೆ ಮುಂದೆ ಏನೂ ನೋಡುವ ಅಗತ್ಯ ಇಲ್ಲ. ಭಾರದಲ್ಲೋ ಅಳತೆಯಲ್ಲೋ ದೊಡ್ಡ ಎಡವಟ್ಟಾಗಿದೆ.

ಒಂದೇ ಕೂಡಿಕೆ, ಅರ್ಧ ಕೆಲಸ ಮುಗಿಯಿತು

ಈಗ ತಪ್ಪು ಹುಡುಕುವ ಮೊದಲ ಹೆಜ್ಜೆ. ಸಾಫ್ಟ್‌ವೇರ್ ಕೊಟ್ಟ ಮೂಲೆಯ ಮೊಮೆಂಟ್ ಮತ್ತು ಬೀಮಿನ ನಡುವಿನ ಮೊಮೆಂಟ್, ಎರಡನ್ನೂ ಕೂಡಿಸಿ. ಚಿಹ್ನೆ ಬಿಟ್ಟು ಅಂಕಿ ಮಾತ್ರ. ಸಮ ಭಾರಕ್ಕೆ ಅದು ಭಾ × ಉ² ÷ 8 ಆಗಲೇಬೇಕು. ನಮ್ಮ ಫ್ರೇಮಿಗೆ 90. ಪಿನ್ಡ್‌ನಲ್ಲಿ 29.2 + 60.8 = 90. ಫಿಕ್ಸ್ಡ್‌ನಲ್ಲಿ 33.5 + 56.5 = 90.

ಈ 90ಕ್ಕೆ ಕಾಲಮ್ ಗೊತ್ತಿಲ್ಲ, ಬುಡ ಗೊತ್ತಿಲ್ಲ, ಐ ಗೊತ್ತಿಲ್ಲ. ಅದು ಬರೀ ಭಾರ ಮತ್ತು ಉದ್ದದ ಲೆಕ್ಕ. ಕಾಲಮ್ ಮತ್ತು ಬುಡ ತೀರ್ಮಾನಿಸುವುದು ಈ 90ರಲ್ಲಿ ಎಷ್ಟು ಮೂಲೆಗೆ, ಎಷ್ಟು ನಡುವಿಗೆ ಅಂತ ಮಾತ್ರ.

ಹಾಗಾಗಿ ಕೂಡಿಕೆ 90 ಬಂದಿಲ್ಲ ಅಂದರೆ ತಪ್ಪು ಭಾರದಲ್ಲಿ ಅಥವಾ ಅಳತೆಯಲ್ಲಿ ಇದೆ. ಬುಡವನ್ನು ಮುಟ್ಟಬೇಡಿ. ಕೂಡಿಕೆ 90 ಬಂದು, ಪಾಲು ಮಾತ್ರ ಬೇರೆ ಬಂದಿದ್ದರೆ ತಪ್ಪು ಬಿಗಿತದಲ್ಲಿ ಅಥವಾ ಬುಡದಲ್ಲಿ ಇದೆ. ಭಾರವನ್ನು ಮುಟ್ಟಬೇಡಿ.

ಗದಗದ ಹುಡುಗನಿಗೆ ಇದನ್ನೇ ಹೇಳಿದೆ. ಅವನ ಮೂಲೆ 34.3, ನಡು 71.3. ಕೂಡಿದರೆ 105.6. ಫೋನಿನಲ್ಲೇ ಗೊತ್ತಾಯಿತು, ಬುಡಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ. ಎಲ್ಲಿಂದಲೋ ಹೆಚ್ಚಿನ ಭಾರ ಬಂದು ಕೂತಿದೆ.

ಕೂಡಿಕೆ ತಪ್ಪಿದ್ದರೆ

ಅವನ ವಿಷಯದಲ್ಲಿ ಬಂದು ಕೂತದ್ದು ಸ್ವಂತ ತೂಕ. ಕಾಂಕ್ರೀಟಿನ ತೂಕ ಘನ ಮೀಟರಿಗೆ 25 ಕಿಲೋನ್ಯೂಟನ್. 0.23 × 0.6 × 25 ಅಂದರೆ ಬೀಮಿನ ತೂಕವೇ ಮೀಟರಿಗೆ 3.45. ಸಾಫ್ಟ್‌ವೇರ್ ಅದನ್ನು ಸೇರಿಸಿಕೊಂಡಿತ್ತು, ಕೈಲೆಕ್ಕದಲ್ಲಿ ಇರಲಿಲ್ಲ. 23.45 ಹಾಕಿ ಸೂತ್ರ ಬಿಡಿಸಿದರೆ ಮೂಲೆ 34.3, ನಡು 71.3. ತಾಳೆ ಆಯಿತು. ಇದನ್ನು ಖಚಿತ ಮಾಡಿಕೊಳ್ಳಲು ಬುಡದ ಪ್ರತಿಕ್ರಿಯೆ, ಅಂದರೆ ಬುಡದಲ್ಲಿ ನೆಲ ಮೇಲಕ್ಕೆ ಕೊಡುವ ಬಲ, ನೋಡಬೇಕು. ಬರೀ 20ರ ಭಾರಕ್ಕೆ ಒಂದೊಂದು ಬುಡದಲ್ಲಿ 60 ಕಿಲೋನ್ಯೂಟನ್ ಬರಬೇಕು. ಅವನಿಗೆ 80.7 ಬಂದಿತ್ತು. ಬೀಮಿನ ಅರ್ಧ ತೂಕ 10.35, ಒಂದು ಕಾಲಮ್ಮಿನ ತೂಕ 10.35. ಎರಡೂ ಸೇರಿ ಅದೇ 20.7.

ನಿಜ ಹೇಳಬೇಕೆಂದರೆ ಮೊಮೆಂಟ್ ನೋಡುವ ಮೊದಲೇ ಪ್ರತಿಕ್ರಿಯೆ ನೋಡುವ ಅಭ್ಯಾಸ ಒಳ್ಳೆಯದು. ಅರ್ಧ ನಿಮಿಷದ ಕೆಲಸ. ಇಂಥ ಎಷ್ಟೋ ತಪ್ಪು ಅಲ್ಲೇ ಸಿಗುತ್ತವೆ.

ಕೂಡಿಕೆ 135 ಬಂದರೆ ಸುರಕ್ಷತೆಗಾಗಿ ಭಾರಕ್ಕೆ 1.5ರ ಗುಣಕ ಸೇರಿಸಿದ ಕಾಂಬಿನೇಷನ್ (ಭಾರಗಳ ಜೋಡಣೆ) ನೋಡುತ್ತಿದ್ದೀರಿ. ಮೂಲೆ 43.8 ಇರುತ್ತದೆ.

ಉತ್ತರ ಸರಿಯಾಗಿ 6 ಪಟ್ಟು ಕಡಿಮೆ ಅಥವಾ 6 ಪಟ್ಟು ಜಾಸ್ತಿ ಬಂದರೆ ಸೂತ್ರದಲ್ಲಿ ಭಾರದ ಅರ್ಥ ಅದಲು ಬದಲಾಗಿದೆ. ಕೆಲವು ಕೋಷ್ಟಕಗಳಲ್ಲಿ ಮೀಟರಿಗೆ ಎಷ್ಟು ಭಾರ ಅಂತ ಇರುತ್ತದೆ. ಕೆಲವದರಲ್ಲಿ ಬೀಮಿನ ಮೇಲಿನ ಒಟ್ಟು ಭಾರ ಇರುತ್ತದೆ, ಆಗ ಉ² ಬದಲು ಬರೀ ಉ. ಒಟ್ಟು ಭಾರದ ಸೂತ್ರಕ್ಕೆ 20 ಹಾಕಿದರೆ 4.9 ಬರುತ್ತದೆ. ಮೀಟರಿನ ಸೂತ್ರಕ್ಕೆ 120 ಹಾಕಿದರೆ 175 ಬರುತ್ತದೆ. ಎಷ್ಟು ಪಟ್ಟು ವ್ಯತ್ಯಾಸ ಇದೆಯೋ ಅದೇ ಸ್ಪ್ಯಾನ್ (ಉ) ಆಗಿದ್ದರೆ ಅನುಮಾನವೇ ಬೇಡ.

ಕೂಡಿಕೆ 77 ಬಂದರೆ ಸ್ವಲ್ಪ ನಿಧಾನ. ಇಲ್ಲಿ ಎರಡು ಕಾರಣ ಇರಬಹುದು. ಒಂದು, ನಡು ಗೆರೆಯ ಬದಲು ಕಾಲಮ್ ಮುಖದಿಂದ ಮುಖಕ್ಕೆ ಇರುವ 5.55 ಮೀಟರನ್ನೇ ಸ್ಪ್ಯಾನ್ ಅಂತ, ಬೀಮಿನ ಅಡಿವರೆಗಿನ 3.7 ಮೀಟರನ್ನೇ ಎತ್ತರ ಅಂತ ಹಾಕಿರುತ್ತೀರಿ. ಆಗ ಮೂಲೆ 25, ನಡು 52. ಇನ್ನೊಂದು, ಲೆಕ್ಕ ಸರಿಯಾಗಿಯೇ ಇದೆ, ಆದರೆ ಬೀಮ್ ತುದಿಯ ಮೊಮೆಂಟನ್ನು ಕಾಲಮ್ಮಿನ ಮುಖದಲ್ಲಿ ಓದುತ್ತಿದ್ದೀರಿ. ಮುಖ ಇರುವುದು ನಡು ಗೆರೆಯಿಂದ 225 ಮಿ.ಮೀ. ದೂರ. ಅಷ್ಟರಲ್ಲೇ 29.2 ಇಳಿದು 16.2 ಆಗಿರುತ್ತದೆ. ಎರಡನ್ನೂ ಬೇರೆ ಮಾಡುವುದು ನಡುವಿನ ಅಂಕಿ. ಅದು 60.8ರಲ್ಲೇ ಇದ್ದರೆ ಓದುವ ಜಾಗ ಬೇರೆ ಅಷ್ಟೇ, ತಪ್ಪೇನೂ ಇಲ್ಲ. 52ಕ್ಕೆ ಇಳಿದಿದ್ದರೆ ಅಳತೆ ತಪ್ಪು. ಸೂತ್ರಗಳೆಲ್ಲ ನಡು ಗೆರೆಯ ಅಳತೆಗೇ ಬರೆದಂಥವು.

ಕೂಡಿಕೆ ಸರಿ, ಪಾಲು ತಪ್ಪು

ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಪಾಲು ತಪ್ಪುವುದಕ್ಕೆ ದಾರಿ ಬಹಳ ಇವೆ. ಆದರೆ ಒಂದೊಂದು ತಪ್ಪೂ ತನ್ನದೇ ಗುರುತು ಬಿಡುತ್ತದೆ. ಇದೇ ಫ್ರೇಮಿಗೆ ಬೇಕೆಂದೇ ತಪ್ಪು ಮಾಡಿ ನೋಡಿದ್ದೇನೆ. ಎಲ್ಲದರಲ್ಲೂ ಕೂಡಿಕೆ 90ರಲ್ಲೇ ನಿಲ್ಲುತ್ತದೆ ಅನ್ನುವುದು ನೆನಪಿರಲಿ.

ಮೂಲೆ 50.5 ಬಂದರೆ ಕೆ ಲೆಕ್ಕದಲ್ಲಿ ಐಗಳು ತಲೆಕೆಳಗಾಗಿವೆ. ಬೀಮಿನ ಐ ಮೇಲೆ ಇರಬೇಕಾದಲ್ಲಿ ಕಾಲಮ್ಮಿನದು ಬಂದಿದೆ. 17.8 ಬಂದರೆ ಎತ್ತರ ಮತ್ತು ಉದ್ದ ಅದಲು ಬದಲು. 42.2 ಬಂದರೆ ಕೆ ಪೂರ್ತಿ ಉಲ್ಟಾ. ಈ ಕೊನೆಯದು ಸೂತ್ರ ಗೊತ್ತಿಲ್ಲದ್ದರಿಂದ ಆಗುವ ತಪ್ಪಲ್ಲ. ಕೆ ಯಾವುದಕ್ಕೆ ಯಾವುದು ಅಂತ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದುಂಟು. ಒಂದು ಪುಸ್ತಕದ ಕೆ ತೆಗೆದು ಇನ್ನೊಂದು ಪುಸ್ತಕದ ಸೂತ್ರಕ್ಕೆ ಹಾಕಿದರೆ ಹೀಗಾಗುತ್ತದೆ. ಇದಕ್ಕೊಂದು ಸುಲಭದ ಪರೀಕ್ಷೆ: ಮನಸ್ಸಿನಲ್ಲೇ ಕಾಲಮ್ಮನ್ನು ದಪ್ಪ ಮಾಡಿ. ಮೂಲೆಯ ಮೊಮೆಂಟ್ ಏರಬೇಕು. ನಿಮ್ಮ ಸೂತ್ರದಲ್ಲಿ ಇಳಿಯುತ್ತಿದ್ದರೆ ಕೆ ಉಲ್ಟಾ ಇದೆ.

ಮೂಲೆ 11.9 ಬಂದರೆ ಸಾಫ್ಟ್‌ವೇರ್‌ನಲ್ಲಿ ಕಾಲಮ್ ಅಡ್ಡ ತಿರುಗಿದೆ. 450ರ ಮುಖ ಫ್ರೇಮಿನ ಉದ್ದಕ್ಕೆ ಇರಬೇಕಿತ್ತು, ಅಲ್ಲಿ 230 ಬಂದಿದೆ. ಕೆ ಒಮ್ಮೆಗೇ 6 ಆಗುತ್ತದೆ, ಕಾಲಮ್ ಬಳುಕುವ ಕೋಲಿನಂತೆ ಆಗುತ್ತದೆ. ಇದು ತುಂಬಾ ಸಾಮಾನ್ಯ. ಸೈಟಿನಲ್ಲಿ ಹೀಗೆ ತಿರುಗಿಸಿ ನಿಲ್ಲಿಸಿದರೆ 9 ಇಂಚಿನ ಗೋಡೆಯಿಂದ ಕಾಲಮ್ ಆಚೆ ಬಂದು ಎಲ್ಲರ ಕಣ್ಣಿಗೂ ಬೀಳುತ್ತದೆ. ಪರದೆಯ ಮೇಲೆ ಬರೀ ಗೆರೆ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮೂರು ಆಯಾಮದ ನೋಟ ಹಾಕಿ ಒಮ್ಮೆ ಕಣ್ಣಾಡಿಸಿ.

39.3 ಬಂದರೆ ಯಾರೋ ಬಿರುಕಿನ ಗುಣಕ ಹಾಕಿದ್ದಾರೆ. ಭೂಕಂಪ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿ ಭೂಕಂಪದ ವಿಶ್ಲೇಷಣೆಗೆ ಕಾಂಕ್ರೀಟ್ ಕಾಲಮ್ಮಿನ ಐಯನ್ನು ಶೇಕಡಾ 70ಕ್ಕೆ, ಬೀಮಿನದನ್ನು ಶೇಕಡಾ 35ಕ್ಕೆ ಇಳಿಸಲು ಹೇಳುತ್ತದೆ. ಬೀಮಿನದು ಕಾಲಮ್ಮಿನ ಅರ್ಧದಷ್ಟೇ ಉಳಿಯುವುದರಿಂದ ಕೆ ಅರ್ಧವಾಗುತ್ತದೆ. ಮೂಲೆಗೆ ಜಾಸ್ತಿ, ನಡುವಿಗೆ ಕಡಿಮೆ. ಇದು ತಪ್ಪಲ್ಲ. ಆದರೆ ಕೈಲೆಕ್ಕದಲ್ಲೂ ಅದೇ ಗುಣಕ ಹಾಕದೆ ಹೋಲಿಸಿದರೆ ತಾಳೆ ಆಗುವುದಿಲ್ಲ. ಕಾಂಕ್ರೀಟಿನ ಮಾನಕ ಐಎಸ್ 456 ಕೂಡ ಪೂರ್ತಿ ಸೆಕ್ಷನ್ ಅಥವಾ ಬಿರುಕು ಬಿಟ್ಟ ಸೆಕ್ಷನ್ ಯಾವುದನ್ನಾದರೂ ಹಿಡಿಯಲು ಬಿಡುತ್ತದೆ. ಆದರೆ ಎಲ್ಲ ಸದಸ್ಯಗಳಿಗೂ (ಬೀಮ್, ಕಾಲಮ್) ಒಂದೇ ನಿಯಮ ಇರಬೇಕು ಅನ್ನುತ್ತದೆ.

ಸ್ಲ್ಯಾಬ್ ಜೊತೆ ಸೇರಿದ ಬೀಮನ್ನು ಟಿ ಆಕಾರ ಅಂತ ಹಿಡಿದರೆ ಇದರ ಉಲ್ಟಾ ಆಗುತ್ತದೆ. ಬೀಮಿನ ಐ ಎರಡರಷ್ಟಾಯಿತು ಅಂದುಕೊಳ್ಳಿ, ಮೂಲೆ 19.3ಕ್ಕೆ ಇಳಿಯುತ್ತದೆ.

ಕೂಡಿಕೆ 90 ಇದ್ದು ಮೂಲೆ 33.5 ಬಂದಾಗ ಮಾತ್ರ ಬುಡ ಫಿಕ್ಸ್ಡ್ ಇರಬಹುದು ಅನ್ನಿ. ಆಗಲೂ ಬುಡದಲ್ಲಿ 16.8 ಇದೆಯೇ ಅಂತ ನೋಡಿಯೇ ಒಪ್ಪಿಕೊಳ್ಳಿ. ಗದಗದ ಹುಡುಗನ ಬುಡದಲ್ಲಿ ಮೊಮೆಂಟ್ 0 ಇತ್ತು. ಆ ಒಂದು ಅಂಕಿ ನೋಡಿದ್ದರೂ ಅವನಿಗೆ ಗೊತ್ತಾಗುತ್ತಿತ್ತು.

ಇನ್ನು ಮೂಲೆ ಪೂರ್ತಿ 0, ನಡು 90. ಇಲ್ಲಿ ಫ್ರೇಮ್ ಫ್ರೇಮೇ ಆಗಿಲ್ಲ. ಬೀಮಿನ ತುದಿಗೆ ಮೊಮೆಂಟ್ ರಿಲೀಸ್ (ಮೊಮೆಂಟ್ ದಾಟದಂತೆ ಮಾಡುವ ಕೀಲು) ಕೊಟ್ಟಿರಬಹುದು. ಅಥವಾ ಒಂದು ಬುಡ ಪಿನ್ ಬದಲು ರೋಲರ್ ಆಗಿ ಅಡ್ಡಕ್ಕೆ ಜಾರುತ್ತಿರಬಹುದು. ಬುಡದ ಸ್ಥಳಾಂತರ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಬುಡ ಅಡ್ಡ ಸರಿದಿದ್ದರೆ ರೋಲರ್.

29.2ರ ಬದಲು 29.1 ಬಂದರೆ ಹುಡುಕಲು ಹೋಗಬೇಡಿ. ಸೂತ್ರ ಬರೀ ಬಾಗುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಸಾಫ್ಟ್‌ವೇರ್ ಶಿಯರ್‌ನಿಂದ (ಅಡ್ಡ ಕತ್ತರಿಸುವ ಬಲದಿಂದ) ಆಗುವ ಸಣ್ಣ ವಿರೂಪವನ್ನೂ, ಬೀಮ್ ಕೂದಲೆಳೆಯಷ್ಟು ಕುಗ್ಗುವುದನ್ನೂ ಸೇರಿಸಿಕೊಳ್ಳಬಹುದು. ಈ ಫ್ರೇಮಿನಲ್ಲಿ ಅದೆಲ್ಲ ಶೇಕಡಾ 1ರ ಒಳಗಿನ ಮಾತು.

ಜಾರುವ ಪಾದ

ರೋಲರ್ ಅಂದೆನಲ್ಲ, ಅದು ಪರದೆಯ ಮೇಲಿನ ತಪ್ಪು ಮಾತ್ರ ಅಲ್ಲ. ಕಟ್ಟಿದ ಫ್ರೇಮಿನಲ್ಲೂ ಆಗುತ್ತದೆ. ಬೀಮಿನ ಮೇಲೆ ಭಾರ ಬಿದ್ದಾಗ ಎರಡು ಕಾಲಮ್‌ಗಳ ಪಾದ ಹೊರಕ್ಕೆ ತಳ್ಳುತ್ತವೆ. ನಮ್ಮ ಫ್ರೇಮಿನಲ್ಲಿ ಆ ತಳ್ಳುವಿಕೆ 29.2 ÷ 4 = 7.3 ಕಿಲೋನ್ಯೂಟನ್. ದೊಡ್ಡ ಬಲ ಏನಲ್ಲ. ಆದರೆ ಮಣ್ಣು ಅದನ್ನು ಸ್ವಲ್ಪವೂ ಜಗ್ಗದೆ ಹಿಡಿಯಬೇಕು.

ಎಷ್ಟು ಸರಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ಎಂ25 ದರ್ಜೆಯ ಕಾಂಕ್ರೀಟ್, ಬಿರುಕಿಲ್ಲ ಅಂತ ಹಿಡಿದರೆ, ಎರಡು ಪಾದಗಳ ನಡುವಿನ ದೂರ 5 ಮಿ.ಮೀ. ಹೆಚ್ಚಾದರೂ ಸಾಕು, ಮೂಲೆ 29.2ರಿಂದ 18.7ಕ್ಕೆ ಇಳಿಯುತ್ತದೆ. ನಡು 60.8ರಿಂದ 71.3ಕ್ಕೆ ಏರುತ್ತದೆ. 14 ಮಿ.ಮೀ. ಸರಿದರೆ ಮೂಲೆಯಲ್ಲಿ ಏನೂ ಉಳಿಯುವುದಿಲ್ಲ. ಹೆಬ್ಬೆರಳಿನ ಅಗಲವೂ ಇಲ್ಲದ ದೂರ ಅದು, ಅಲ್ವಾ? ಹಾಗಾಗಿ ಬೀಮಿನ ನಡುವೆ ಅಡಿಯಲ್ಲಿ ಬಿರುಕು ಕಂಡರೆ ಬೀಮಿನ ಕಬ್ಬಿಣ ಮಾತ್ರ ನೋಡದೆ ಪಾದಗಳನ್ನೂ ನೋಡಿ. ನಾನಂತೂ ಇಂಥ ಫ್ರೇಮಿಗೆ ನೆಲದ ಕೆಳಗೆ ಎರಡು ಪಾದಗಳನ್ನೂ ಕಟ್ಟುವ ಟೈ ಬೀಮ್ ಇಲ್ಲದೆ ಒಪ್ಪುವುದಿಲ್ಲ. ಲಾರಿ ಅದರ ಮೇಲೇ ಹೋಗಲಿ, ತೊಂದರೆ ಆಗದಷ್ಟು ಆಳದಲ್ಲಿ ಹಾಕಿದರಾಯಿತು.

ಚಿಹ್ನೆಯ ಗೊಂದಲ

ಕೋಷ್ಟಕಗಳಲ್ಲಿ ಸಾಮಾನ್ಯವಾಗಿ ಫ್ರೇಮಿನ ಒಳ ಮುಖ ಎಳೆತಕ್ಕೆ ಸಿಕ್ಕರೆ ಕೂಡು, ಹೊರ ಮುಖ ಎಳೆತಕ್ಕೆ ಸಿಕ್ಕರೆ ಕಳೆ. ಸಾಫ್ಟ್‌ವೇರ್ ಪ್ರತಿ ಸದಸ್ಯಕ್ಕೂ ಅದರದೇ ಅಕ್ಷ ಹಿಡಿಯುತ್ತದೆ. ಎಡ ಕಾಲಮ್ಮನ್ನು ಕೆಳಗಿನಿಂದ ಮೇಲೆ, ಬಲ ಕಾಲಮ್ಮನ್ನು ಮೇಲಿನಿಂದ ಕೆಳಗೆ ಎಳೆದಿದ್ದರೆ ಒಂದೇ ಮೊಮೆಂಟ್ ಒಂದು ಕಡೆ ಕೂಡು, ಇನ್ನೊಂದು ಕಡೆ ಕಳೆ ಅಂತ ಕಾಣಬಹುದು. ಚಿಹ್ನೆ ನೋಡಿ ಹೆದರಬೇಡಿ. ಯಾವ ಮುಖ ಹಿಗ್ಗುತ್ತದೆ ಅಂತ ಮಾತ್ರ ಕೇಳಿಕೊಳ್ಳಿ. ಬಾಗಿದ ಆಕಾರವನ್ನು ಒಂದು ಚೀಟಿಯ ಮೇಲೆ ಗೀಚಿದರೆ ಉತ್ತರ ಸಿಗುತ್ತದೆ.

ಎರಡೇ ಸದಸ್ಯ ಸೇರುವ ಮೂಲೆಯಲ್ಲಿ ಬೀಮಿನ ತುದಿಗೆ ಎಷ್ಟೋ ಕಾಲಮ್ಮಿನ ತಲೆಗೂ ಅಷ್ಟೇ ಇರಬೇಕು. ಎಳೆತ ಎರಡಕ್ಕೂ ಹೊರಗಿದ್ದರೆ ಹೊರಗೇ, ಒಳಗಿದ್ದರೆ ಒಳಗೇ. ಹಾಗೆ ಇಲ್ಲದಿದ್ದರೆ ಆ ಜಾಯಿಂಟಿನಲ್ಲಿ ಬೇರೆ ಸದಸ್ಯವೋ ಹೊರಗಿನ ಮೊಮೆಂಟೋ ಇದೆ, ಇಲ್ಲವೇ ಮುಖದ ಮೊಮೆಂಟ್ ಓದುತ್ತಿದ್ದೀರಿ.

ಬುಡದ ಪ್ರಶ್ನೆ ನಿಜವಾಗಿ ಕಾಡುವುದು ಗಾಳಿಯಲ್ಲಿ

ಕೆಳಮುಖದ ಭಾರಕ್ಕೆ ಪಿನ್ಡ್ ಅಂದರೂ ಫಿಕ್ಸ್ಡ್ ಅಂದರೂ ಮೂಲೆ 29.2 ಅಥವಾ 33.5. ಅಂಥ ದೊಡ್ಡ ಅಂತರ ಅಲ್ಲ. ಹಾಗಿದ್ದರೆ ಹುಡುಗ ಫಿಕ್ಸ್ಡ್ ಅಂತ ಹಿಡಿದಿದ್ದರೆ ಏನಾಗುತ್ತಿತ್ತು ಅಂತ ನೀವು ಕೇಳಬಹುದು. ಅವನು ಕೈಲೆಕ್ಕದ ಶೀಟಿನಲ್ಲಿ ಗಾಳಿಯ ಸೂತ್ರವನ್ನೂ ಫಿಕ್ಸ್ಡ್‌ಗೆ ಬದಲಾಯಿಸಿಬಿಟ್ಟಿದ್ದ. ನನಗೆ ಎದೆ ಝಲ್ಲೆಂದದ್ದು ಅದನ್ನು ಕೇಳಿದಾಗ.

ಬೀಮಿನ ಮಟ್ಟದಲ್ಲಿ ಪಕ್ಕದಿಂದ ತ ಎಂಬ ಬಲ ತಳ್ಳುತ್ತಿದೆ ಅನ್ನಿ. ಇಲ್ಲಿ 30 ಕಿಲೋನ್ಯೂಟನ್. ಬುಡ ಪಿನ್ಡ್ ಇದ್ದರೆ ಎರಡು ಮೂಲೆಯಲ್ಲೂ ತ × ಎ ÷ 2, ಅಂದರೆ 60. ಗಾಳಿ ಬರುವ ಕಡೆಯ ಮೂಲೆಯಲ್ಲಿ ಎಳೆತ ಒಳಗೆ, ಆಚೆ ಮೂಲೆಯಲ್ಲಿ ಹೊರಗೆ. ಇದರಲ್ಲಿ ಕೆ ಇಲ್ಲವೇ ಇಲ್ಲ. ಇಲ್ಲಿ ಕಾಲಮ್ ದಪ್ಪ ಮಾಡಿ ಮೊಮೆಂಟ್ ಬದಲಾಯಿಸುತ್ತೇನೆ ಅಂದರೆ ಆಗುವುದಿಲ್ಲ.

ಬುಡ ಫಿಕ್ಸ್ಡ್ ಇದ್ದರೆ ಅದೇ 60 ಬುಡಕ್ಕೂ ಮೂಲೆಗೂ ಹಂಚಿಹೋಗುತ್ತದೆ. ಮೂಲೆಗೆ 60 × 3ಕೆ ÷ (6ಕೆ + 1) = 27.1. ಬುಡಕ್ಕೆ 60 × (3ಕೆ + 1) ÷ (6ಕೆ + 1) = 32.9. ಇಲ್ಲೂ ಒಂದು ಕೂಡಿಕೆಯ ಪರೀಕ್ಷೆ ಇದೆ: ಪ್ರತಿ ಕಾಲಮ್ಮಿನ ಬುಡ ಮತ್ತು ತಲೆ ಸೇರಿ 60 ಆಗಬೇಕು. ಕಾಲಮ್ಮಿನ ಶಿಯರ್ 15, ಎತ್ತರ 4, ಗುಣಿಸಿದರೆ ಅದೇ.

ಈಗ ಎರಡನ್ನೂ ಸೇರಿಸಿ ನೋಡಿ. ನಿಜವಾದ ಪಿನ್ಡ್ ಲೆಕ್ಕದಲ್ಲಿ, ಸ್ವಂತ ತೂಕ ಸೇರಿ, ಆಚೆ ಮೂಲೆಗೆ 34.3 + 60 = 94.3 ಹೊರಗಿನ ಎಳೆತ. ಅವನ ಶೀಟಿನಲ್ಲಿ 33.5 + 27.1, ಅಂದರೆ 60.6. ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಡಿಮೆ ಆಯಿತು. ಗಾಳಿ ಬರುವ ಕಡೆಯ ಮೂಲೆ ಇನ್ನೂ ಅಪಾಯ. ನಿಜದಲ್ಲಿ 60 − 34.3 = 25.7, ಅದೂ ಒಳಗಿನ ಎಳೆತ. ಅವನ ಶೀಟಿನಲ್ಲಿ 6.4 ಹೊರಗಿನ ಎಳೆತ ಉಳಿದಿತ್ತು. ಅಂದರೆ ಅಂಕಿ ಮಾತ್ರ ಅಲ್ಲ, ದಿಕ್ಕೇ ಬೇರೆ. ಆ ಶೀಟು ನಂಬಿ ಕಬ್ಬಿಣ ಕಟ್ಟಿದ್ದರೆ ಮೂಲೆಯ ಒಳ ಮುಖಕ್ಕೆ ಬೇಕಾದ ಸರಳು ಲೆಕ್ಕದಲ್ಲೇ ಬರುತ್ತಿರಲಿಲ್ಲ. ಒಳಗಿನ ಎಳೆತದಿಂದ ತೆರೆದುಕೊಳ್ಳುವ ಮೂಲೆ ಕಾಂಕ್ರೀಟಿನಲ್ಲಿ ಮೊದಲೇ ಕಷ್ಟದ ಜಾಗ.

ನಿಜವಾದ ಬುಡ ಪಿನ್ಡೂ ಅಲ್ಲ, ಪೂರ್ತಿ ಫಿಕ್ಸ್ಡೂ ಅಲ್ಲ. ಫುಟಿಂಗ್ (ಕಾಲಮ್ಮಿನ ಅಡಿಪಾಯ) ಮಣ್ಣಿನ ಮೇಲೆ ಸ್ವಲ್ಪವಾದರೂ ತಿರುಗುತ್ತದೆ. ಗದಗದ ಸುತ್ತಿನ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಂಥ ಕಡೆ ಬಿಡಿ ಬಿಡಿ ಫುಟಿಂಗನ್ನು ಫಿಕ್ಸ್ಡ್ ಅಂತ ಕರೆಯಲು ನನಗೆ ಧೈರ್ಯ ಇಲ್ಲ. ಮೂಲೆಗೆ ಪಿನ್ಡ್ ಲೆಕ್ಕ, ಫುಟಿಂಗಿಗೆ ಫಿಕ್ಸ್ಡ್ ಲೆಕ್ಕದ ಮೊಮೆಂಟ್, ಎರಡನ್ನೂ ನೋಡಿ ದೊಡ್ಡದನ್ನು ಹಿಡಿಯುತ್ತೇನೆ. ಸ್ವಲ್ಪ ಕಬ್ಬಿಣ ಜಾಸ್ತಿ ಹೋಗುತ್ತದೆ, ಹೋಗಲಿ.

ಸೂತ್ರವೇ ಹೊಂದದ ಫ್ರೇಮ್

ಎಲ್ಲ ಪರೀಕ್ಷೆ ಮಾಡಿದರೂ ತಾಳೆ ಆಗದಿದ್ದರೆ ಫ್ರೇಮನ್ನೇ ಮತ್ತೆ ನೋಡಿ. ಈ ಸೂತ್ರಗಳು ಎರಡೂ ಕಾಲಮ್ ಒಂದೇ ಎತ್ತರ, ಒಂದೇ ಅಳತೆ, ಬೀಮ್ ಮಟ್ಟಸ, ಉದ್ದಕ್ಕೂ ಸೆಕ್ಷನ್ ಬದಲಾಗದ ಫ್ರೇಮಿಗೆ ಮಾತ್ರ. ಮೂಲೆಯಲ್ಲಿ ಹಾಂಚ್ (ದಪ್ಪ ಮಾಡಿದ ಭಾಗ) ಇದ್ದರೆ, ಮೇಲಿಂದ ಕೆಳಗೆ ಸಣ್ಣದಾಗುವ ಸ್ಟೀಲ್ ಕಾಲಮ್ ಇದ್ದರೆ, ಶೆಡ್ಡಿನಂತೆ ಇಳಿಜಾರು ಮಾಡು ಇದ್ದರೆ, ಪಕ್ಕದಲ್ಲೇ ಇನ್ನೊಂದು ಬೇ (ಅಂಕಣ) ಅಂಟಿಕೊಂಡಿದ್ದರೆ ಇವು ಹೊಂದುವುದಿಲ್ಲ. ಆಗಲೂ ಕೂಡಿಕೆಯ ಪರೀಕ್ಷೆ ಬಿಡಬೇಡಿ. ಮಟ್ಟಸ ಬೀಮಿನ ಎರಡು ತುದಿಯ ಸರಾಸರಿ ಮೊಮೆಂಟ್ ಮತ್ತು ಸರಿಯಾಗಿ ನಡುವಿನ ಮೊಮೆಂಟ್ ಸೇರಿದರೆ ಯಾವ ಫ್ರೇಮಿನಲ್ಲೂ ಭಾ × ಉ² ÷ 8 ಬರಲೇಬೇಕು.

ಮರುದಿನ ಹುಡುಗ ಮತ್ತೆ ಫೋನ್ ಮಾಡಿದ. ಸ್ವಂತ ತೂಕ ಬೇರೆ ಕೇಸಿಗೆ ಹಾಕಿ, ಬರೀ 20ಕ್ಕೆ ಓಡಿಸಿದ್ದ. ಮೂಲೆ 29.1, ನಡು 60.9, ಬುಡ 0. ಶೀಟಿನ ಗಾಳಿ ಲೆಕ್ಕವನ್ನು ವಾಪಸ್ ಪಿನ್ಡ್‌ಗೆ ತಂದಿದ್ದ. ಮೂಲೆಯ ಒಳ ಮುಖದ ಸರಳಿನ ಚಿತ್ರ ಕಳಿಸಿ, ಓರೆ ಸರಳು ಎಲ್ಲಿ ಹಾಕಬೇಕು ಅಂತ ಕೇಳಿದ. ಟೈ ಬೀಮಿನ ಅಗೆತ ಆಗಲೇ ಶುರುವಾಗಿತ್ತು.